ನಂಗಲಿ ಹೋಟೆಲಮ್ಮನ ಎಡಗಡೆ ಕಿಡ್ನಿ

ನಾನು ಸ್ಕ್ಯಾನಿಂಗ್ ಬರೆದುಕೊಟ್ಟಿದ್ದು ಪಿತ್ತಕೋಶಕ್ಕೆ. ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಳ್ಳುತ್ತೆ ಅಂತ ಅವಳು ಹೇಳಿದ್ದಳು. ಪಿತ್ತಕೋಶದಲ್ಲಿ ಏನೂ ಇರಲಿಲ್ಲ. ಸ್ಕ್ಯಾನಿಂಗ್ ಮಾಡುವ ಡಾಕ್ಟರ್ ಹುಡುಗಿ ಅಭ್ಯಾಸಬಲದಿಂದ ಎಡಗಡೆಗೂ ಒಮ್ಮೆ ಪ್ರೋಬ್ ಆಡಿಸಿದ್ದಾಳೆ. ಆಮೇಲೆ ನನ್ನ ರೂಮಿಗೆ ಫೋನ್ ಮಾಡಿ, "ಮೇಡಂ, ಬಿಡುವಿದ್ರೆ ನೀವೇ ಒಂದ್ಸಲ ಬಂದು ನೋಡ್ತೀರಾ ಪ್ಲೀಸ್?" ಅಂದಳು. ಅಷ್ಟೊಂದು ಮರ್ಯಾದೆಯಿಂದ ಯಾರೂ ಒಳ್ಳೆಯ ಸುದ್ದಿ ಹೇಳುವುದಿಲ್ಲ. ಅರ್ಧ ಕುಡಿದಿದ್ದ ಕಾಫಿ ಅಲ್ಲೇ ಬಿಟ್ಟು ಎದ್ದೆ.

ಎಡ ಕಿಡ್ನಿಯ ಕೆಳತುದಿಯಲ್ಲಿ ಒಂದು ಗಡ್ಡೆ. ದೊಡ್ಡ ನಿಂಬೆಹಣ್ಣಿನಷ್ಟಿತ್ತು. ಅರ್ಧ ಹೊರಗೆ ಚಾಚಿಕೊಂಡಿತ್ತು, ಅರ್ಧ ಒಳಗೆ ಹೂತಿತ್ತು.

ನಾನು ಕೋಲಾರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಫಿಜಿಶಿಯನ್. ರಿಟೈರ್ ಆಗಿ ಎಷ್ಟೋ ಕಾಲವಾಗಿದೆ. ಆದರೂ ವಾರದಲ್ಲಿ ಕೆಲವು ದಿನ ಹೋಗಿ ಕೂರುತ್ತೇನೆ, ಮನೆಯಲ್ಲಿ ಕೂತರೆ ಮೊಣಕಾಲು ಮಾತ್ರ ಮಾತಾಡುತ್ತೆ. ಈ ಹೆಂಗಸು ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ನನ್ನ ಹತ್ತಿರ ಬರುತ್ತಿದ್ದವಳು. ಐವತ್ತೆಂಟರ ಆಸುಪಾಸು. ಹೋಟೆಲಮ್ಮ ಅಂತಲೇ ಕರೆಯುತ್ತೇನೆ. ಹೈವೇಯಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ನಂಗಲಿ ದಾಟಿದರೆ ಆಂಧ್ರ. ಗಡಿಗೆ ಮುಂಚೆ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಅವಳ ತಿಂಡಿ ಹೋಟೆಲ್. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಗಂಡ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಮಿಷನ್ ವ್ಯಾಪಾರ ಮಾಡುವ ತಮ್ಮನೇ ಅವಳ ಕಡೆಯವನು.

ಸೀಟಿ ಸ್ಕ್ಯಾನ್ ಮಾಡಿಸಿದೆವು. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಮಾಡುವ ಸ್ಕ್ಯಾನ್ ಅದು. ಕಿಡ್ನಿ ಸ್ವಲ್ಪ ದುರ್ಬಲವಾಗಿದ್ದರೆ ಆ ಔಷಧಿಯೇ ಪೆಟ್ಟು ಕೊಡಬಹುದು. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅವಳಿಗೆ ಮೊದಲೇ ಒಂದು ಪಾಯಿಂಟ್ ಮೂರು ಇತ್ತು. ಅಂದರೆ ಎರಡೂ ಕಿಡ್ನಿ ಸೇರಿ ಮಾಡಬೇಕಾದ ಕೆಲಸದ ಸುಮಾರು ಅರ್ಧ ಮಾತ್ರ ನಡೆಯುತ್ತಿತ್ತು. ಹಿಂದಿನ ದಿನವೇ ಡ್ರಿಪ್ ಹಾಕಿ, ಸಕ್ಕರೆ ಮಾತ್ರೆ ನಿಲ್ಲಿಸಿ ಕಳಿಸಿದೆ. ಆ ಗಂಡಾಂತರ ಕ್ಷೇಮವಾಗಿ ಕಳೆಯಿತು. ರಿಪೋರ್ಟ್ ಮಾತ್ರ ನಾವು ಹೆದರಿದ ಹಾಗೇ ಬಂತು: ಗಡ್ಡೆ ಗಟ್ಟಿಯಾದದ್ದು, ಬಣ್ಣವನ್ನು ಚೆನ್ನಾಗಿ ಹೀರುತ್ತಿದೆ, ಬೇರೆಲ್ಲೂ ಹರಡಿಲ್ಲ. ಇಂಥ ಗಡ್ಡೆ ಹೆಚ್ಚಿನ ಪಾಲು ಕ್ಯಾನ್ಸರೇ ಆಗಿರುತ್ತದೆ.

ರಿಪೋರ್ಟ್ ತೆಗೆದುಕೊಳ್ಳಲು ತಮ್ಮ ಒಬ್ಬನೇ ಬಂದಿದ್ದ. ವಿಷಯ ತಿಳಿಸಿದೆ. ಕರ್ಚೀಫ್ ತೆಗೆದು ಮುಖ ಒರೆಸಿಕೊಂಡ.

"ಅಕ್ಕನಿಗೆ ಹೇಳ್ಬೇಡಿ ಮೇಡಂ. ನಮ್ಮಮ್ಮನಿಗೆ ಗರ್ಭಕೋಶದ್ದು ಹೀಗೇ ಆಗಿತ್ತು. ಹೆಸರು ಕೇಳಿದ ದಿನವೇ ಊಟ ಬಿಟ್ಲು. ಕಾಯಿಲೆಗಿಂತ ಮುಂಚೆ ಹೆಸರೇ ಅವಳನ್ನ ತಿಂದ್ಬಿಡ್ತು."

"ಸುಳ್ಳು ಹೇಳಲ್ಲಪ್ಪ ನಾನು. ಅವಳ ಹೊಟ್ಟೆ ಕೊಯ್ಯೋದು, ಅವಳಿಗೆ ಗೊತ್ತಿರಬೇಕು. ಮಂಗಳವಾರ ಕರಕೊಂಡು ಬಾ. ನಿಧಾನವಾಗಿ ನಾನೇ ಹೇಳ್ತೀನಿ."

"ಆಯ್ತು ಮೇಡಂ," ಅಂದ. ಮಂಗಳವಾರ ಬರಲಿಲ್ಲ. ಫೋನ್ ಮಾಡಿದರೆ ಹೋಟೆಲಲ್ಲಿ ಆಳಿಲ್ಲ ಅಂದ. ಮುಂದಿನ ವಾರ ಮಾಡಿದರೆ ಮಂಡಿಯಲ್ಲಿ ಹಣ್ಣು ಇಳಿಯುತ್ತಿದೆ ಅಂದ. ಅವಳಿಗೇ ಫೋನ್ ಮಾಡಿದೆ. ಎತ್ತಿದವನು ಇಡ್ಲಿ ಹಾಕುವವನು: "ಅಮ್ಮ ಬಿಜಿ."

ಈ ನಡುವೆ ಶನಿವಾರ ಸರ್ಜನ್ ಬಂದರು. ಮೂತ್ರಕೋಶ, ಕಿಡ್ನಿ ಆಪರೇಷನ್ ಮಾಡುವವರು, ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತಾರೆ. ನನ್ನ ಮಗನ ವಯಸ್ಸಿರಬಹುದು, ನನಗೆ ಮಗ ಇದ್ದಿದ್ದರೆ. ಒಳ್ಳೆಯ ಕೈ, ಕಮ್ಮಿ ಮಾತು. ಎಕ್ಸ್‌ರೇ ಕವರ್ ಹಿಂದೆ ಅವರೆಕಾಳಿನ ಹಾಗೆ ಎರಡು ಕಿಡ್ನಿ ಬರೆದು, ಒಂದರ ತುದಿಗೆ ಗುಂಡಗೆ ಗೆರೆ ಸುತ್ತಿದರು.

"ಮ್ಯಾಮ್, ನಾಲ್ಕೂವರೆ ಸೆಂಟಿಮೀಟರ್. ಸೂಜಿ ಹಾಕಿ ಸುಡೋಕೆ ದೊಡ್ಡದಾಯ್ತು. ಸುಮ್ನೆ ನೋಡ್ತಾ ಕೂರೋಕೆ ಈಕೆ ಚಿಕ್ಕವರಾದ್ರು. ಉಳಿದಿದ್ದು ಎರಡು. ಕಿಡ್ನಿ ಪೂರ್ತಿ ತೆಗೆಯೋದು, ಇಲ್ಲಾ ಗಡ್ಡೆಯಷ್ಟೇ ಕೊಯ್ದು ಕಿಡ್ನಿ ಉಳಿಸೋದು."

"ನೀವಾದ್ರೆ?"

"ಪೂರ್ತಿ. ಲ್ಯಾಪರೋಸ್ಕೋಪಲ್ಲಿ ಮೂರು ತೂತು, ರಕ್ತನಾಳಕ್ಕೆ ಕ್ಲಿಪ್, ಸುತ್ತಲಿನ ಕೊಬ್ಬಿನ ಸಮೇತ ಚೀಲಕ್ಕೆ ಹಾಕಿ ಹೊರಗೆ. ಕ್ಲೀನ್. ಬೇಗ ಮನೆಗೆ ಹೋಗ್ತಾರೆ. ಬರೀ ಗಡ್ಡೆ ತೆಗೀಬೇಕು ಅಂದ್ರೆ ರಕ್ತನಾಳ ಹಿಡಿದು, ಕಿಡ್ನಿ ರಕ್ತ ಇಲ್ಲದೆ ತಡೆಯೋಷ್ಟು ಹೊತ್ತಲ್ಲೇ ಕೊಯ್ದು ಹೊಲೀಬೇಕು. ಬ್ಲೀಡಿಂಗ್ ಆಗ್ಬಹುದು, ಮೂತ್ರ ಸೋರಬಹುದು, ಗಡ್ಡೆಯ ಚೂರು ಉಳೀಬಹುದು. ನಮ್ಮ ಥಿಯೇಟರ್ ನಿಮಗೇ ಗೊತ್ತಲ್ಲ."

"ಗೊತ್ತು. ಆದ್ರೆ ಐದು ವರ್ಷ ಆದ್ಮೇಲೆ? ಪೂರ್ತಿ ತೆಗೆದ್ರೆ ಉಳಿಯೋದು ಹತ್ತು ವರ್ಷ ಸಕ್ಕರೆ ಕಾಯಿಲೆ ತಿಂದ ಒಂದು ಕಿಡ್ನಿ. ಯೂರಿನಲ್ಲಿ ಆಗಲೇ ಪ್ರೋಟೀನ್ ಹೋಗ್ತಿದೆ."

ಅವರು ಪೆನ್ನು ಕೆಳಗಿಟ್ಟರು. "ಆಪರೇಷನ್‌ನಿಂದ ಕಮ್ಮಿಯಾದ ಕಿಡ್ನಿ ಶಕ್ತಿ, ಕಾಯಿಲೆಯಿಂದ ಕಮ್ಮಿಯಾದ ಹಾಗೆ ಇಳೀತಾ ಹೋಗಲ್ಲ ಮ್ಯಾಮ್. ಒಂದು ಕಡೆ ನಿಲ್ಲುತ್ತೆ. ಉಳಿಸಿದವರಿಗೆ ಕಿಡ್ನಿ ನಂಬರ್ ಚೆನ್ನಾಗಿರುತ್ತೆ, ನಿಜ. ಅವರು ಹೆಚ್ಚು ವರ್ಷ ಬದುಕ್ತಾರೆ ಅಂತ ಯಾರೂ ಗಟ್ಟಿಯಾಗಿ ಹೇಳಿಲ್ಲ."

"ಇವಳಿಗೆ ಎರಡೂ ಇದೆ. ಆಪರೇಷನ್ನೂ ಇದೆ, ಕೆಳಗೆ ಕಾಯಿಲೆಯೂ ಇದೆ. ಎಲ್ಲಿ ನಿಲ್ಲುತ್ತೆ ಅಂತೀರಿ?"

"ಗೊತ್ತಿಲ್ಲ ಮ್ಯಾಮ್," ಅಂದರು. ನನಗೂ ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಬೇಕು ಅನ್ನುತ್ತಿದ್ದರು. ಹಾಗೆ ಹೇಳುವ ಸರ್ಜನ್ ಸಿಕ್ಕಿದ್ದು ನಮ್ಮ ಪುಣ್ಯ, ಐ ಮಸ್ಟ್ ಸೇ. ಕೊನೆಗೆ ಪೂರ್ತಿ ತೆಗೆಯುವುದು ಅಂತಲೇ ಆಯಿತು. ಅವರ ಥಿಯೇಟರ್, ಅವರ ಕೈ. ಹೋಟೆಲಮ್ಮ ರಕ್ತಪರೀಕ್ಷೆಗೆ ಬರಲೇಬೇಕು ಅಂತ ತಮ್ಮನಿಗೆ ಖಡಾಖಂಡಿತವಾಗಿ ಹೇಳಿದೆ.

ಬಂದಳು. ಮುಖ ಊದಿತ್ತು, ಬಣ್ಣ ಬೂದಿ ಮೆತ್ತಿದ ಹಾಗಿತ್ತು. ಲ್ಯಾಬಿನಿಂದ ಬಂದ ನಂಬರ್ ನೋಡಿ ಸ್ಯಾಂಪಲ್ ಅದಲುಬದಲಾಗಿದೆ ಅಂದುಕೊಂಡೆ. ಮತ್ತೆ ರಕ್ತ ತೆಗೆಸಿದೆ. ಅದೇ ಬಂತು. ಕ್ರಿಯಾಟಿನಿನ್ ಮೂರು ಪಾಯಿಂಟ್ ಒಂದು. ಪೊಟ್ಯಾಸಿಯಂ ಹೃದಯಕ್ಕೆ ತೊಂದರೆ ಕೊಡುವಷ್ಟು ಮೇಲೆ. ಈಸಿಜಿ ತೆಗೆದರೆ ಅಲೆಗಳು ಆಗಲೇ ಚೂಪಾಗುತ್ತಿದ್ದವು. ಆಪರೇಷನ್ ಮಾತು ಬಿಡಿ, ಈ ರಕ್ತ ಇಟ್ಟುಕೊಂಡು ಅವಳನ್ನು ಮನೆಗೆ ಕಳಿಸುವ ಹಾಗೂ ಇರಲಿಲ್ಲ. ನರ್ಸ್ ಡ್ರಿಪ್ ಸಿದ್ಧ ಮಾಡುತ್ತಿದ್ದಾಗ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ. ತಮ್ಮ ಗೋಡೆಗೆ ಒರಗಿ ನಿಂತಿದ್ದ.

"ಏನಮ್ಮಾ, ಏನೇನು ತಗೊಂಡೆ? ಒಂದೂ ಬಿಡದೆ ಹೇಳು."

"ಕಲ್ಲಿಗೆ ತಗೊಂಡಿದ್ದು ಅಷ್ಟೇ. ಬೇರೆ ಏನೂ ಇಲ್ಲ."

"ಯಾವ ಕಲ್ಲು?"

ನನಗೇ ಮರೆವು ಬಂದಿದೆಯೇನೋ ಅನ್ನುವ ಹಾಗೆ ನೋಡಿದಳು. "ಕಿಡ್ನಿ ಕಲ್ಲು ಡಾಕ್ಟ್ರಮ್ಮ! ಆಪರೇಷನ್ ಮಾಡಿ ತೆಗೀಬೇಕು ಅಂತ ನೀವೇ ಹೇಳಿದ್ರಂತಲ್ಲ? ಅಷ್ಟರೊಳಗೆ ನಾನೇ ಕರಗಿಸಿಬಿಟ್ರೆ ಆಪರೇಷನ್ನೇ ಬೇಡ ಕದಾ, ಅಂದ್ಕೊಂಡೆ."

ತಮ್ಮನ ಕಡೆ ತಿರುಗಿದೆ. ಅವನು ಫ್ಯಾನ್ ನೋಡುತ್ತಿದ್ದ.

"ಹೇಗೆ ಕರಗಿಸಿದೆ?"

ಅವಳಿಗೆ ಹುರುಪು ಬಂತು. ಮಾಡಿದ ಸಾಹಸ ಹೇಳಿಕೊಳ್ಳಲು ಯಾರಿಗೆ ಇಷ್ಟವಿಲ್ಲ? ಹೈವೇ ಹೋಟೆಲಿನಲ್ಲಿ ಕೂತು ಕಿಡ್ನಿಯಲ್ಲಿ ಕಲ್ಲು ಅಂದರೆ ಸಾಕಂತೆ. ಕೂತೇ ದುಡಿಯುವ ಡ್ರೈವರ್‌ಗಳಲ್ಲಿ ಕಲ್ಲಾಗದವನೇ ಇಲ್ಲ, ಔಷಧಿ ಗೊತ್ತಿಲ್ಲದವನೂ ಇಲ್ಲ. ಪಲಮನೇರಿನವನು ರಣಪಾಲ ಎಲೆ ತಂದುಕೊಟ್ಟ, ಬೆಳಿಗ್ಗೆ ಹಸಿಯಾಗಿ ಅಗಿಯಬೇಕು. ಇನ್ನೊಬ್ಬ ಬಾಳೆದಿಂಡಿನ ರಸ ಅಂದ, ಲೋಟವಲ್ಲ, ಚೊಂಬು. ಮತ್ತೊಬ್ಬ ಯಾವುದೋ ಸಂತೆಯಿಂದ ಕಂದುಬಣ್ಣದ ಪುಡಿ ತಂದ, ಅದರ ಹೆಸರು ಅವನಿಗೂ ಗೊತ್ತಿಲ್ಲ. ಮನೆಯದು ಹುರುಳಿ ಕಟ್ಟು. ಕಲ್ಲು ಇಳಿಯುವಾಗ ನೋವು ಬರುತ್ತೆ ಅಂತ ಎಲ್ಲರೂ ಹೇಳಿದ್ದರಿಂದ, ನೋವು ಬರುವ ಮೊದಲೇ ದಿನಾ ಎರಡು ಹೊತ್ತು ನೋವಿನ ಮಾತ್ರೆ.

"ಒಬ್ಬ ಬಿಯರ್ ಕುಡೀರಿ ಅಮ್ಮಾ, ಎರಡೇ ದಿನದಲ್ಲಿ ಜರಜರ ಇಳಿದುಹೋಗುತ್ತೆ ಅಂದ. ಥೂ ನಿನ್ ಮುಖಕ್ಕೆ, ಮುದ್ದೆ ತಿಂದು ನಡಿ ಅಂದೆ."

"ಬಿಯರ್ ಒಂದನ್ನಾದರೂ ಬಿಟ್ಟೆಯಲ್ಲ, ಥ್ಯಾಂಕ್ ಗಾಡ್."

"ಆದ್ರೂ ಬೀಳಲಿಲ್ಲ ಡಾಕ್ಟ್ರಮ್ಮ. ದಿನಾ ಮೂತ್ರಾನ ತೆಳ್ಳಗಿನ ಬಟ್ಟೇಲಿ ಸೋಸಿ ನೋಡ್ತಿದ್ದೆ. ಒಂದು ಮರಳುಕಾಳೂ ಬೀಳಲಿಲ್ಲ."

ಆ ಬಟ್ಟೆಯ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಕೋಪ ಬಂದು ಹೇಳಿದೆ ಅನ್ನಲಾರೆ. ಕೋಪ ಬಂದು, ಹೋದ ಮೇಲೆ ಹೇಳಿದೆ. ಅವಳ ಕೈ ನನ್ನ ಕೈಯಲ್ಲಿತ್ತು, ಹೇಗಿದ್ದರೂ ನಾಡಿ ನೋಡುತ್ತಿದ್ದೆ.

"ಅದು ಕಲ್ಲಲ್ಲ ಕಣಮ್ಮ. ಕಿಡ್ನಿ ತುದೀಲಿ ಗಡ್ಡೆ ಆಗಿದೆ. ಬಟ್ಟೆಯಲ್ಲಿ ಬೀಳುವಂಥದ್ದಲ್ಲ. ಕೊಯ್ದೇ ತೆಗೀಬೇಕು."

ಅವಳು ನನ್ನ ಕೈಯಿಂದ ಕೈ ಬಿಡಿಸಿಕೊಂಡಳು. ಆಮೇಲೆ ತಮ್ಮನನ್ನಲ್ಲ, ನನ್ನನ್ನೇ ಕೇಳಿದಳು. "ಅಮ್ಮನಿಗೆ ಆಗಿದ್ದಾ?"

"ಅದೇ ಜಾತಿ. ಆದರೆ ಅದಲ್ಲ. ನಿನ್ನದು ಎಲ್ಲೂ ಹರಡಿಲ್ಲ. ತೆಗೆದ್ರೆ ಹೋಗುವ ಸಾಧ್ಯತೆ ತುಂಬಾ ಇದೆ. ಹೋಗೇ ಹೋಗುತ್ತೆ ಅಂತ ಮಾತು ಕೊಡಲ್ಲ."

"ನಿಜಮಾ?"

"ನಿಜ."

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಮ್ಮ ಹತ್ತಿರ ಬಂದು, "ಅಕ್ಕಾ, ನಿನಗೆ ಭಯ ಆಗುತ್ತೆ ಅಂತಲೇ..." ಅಂದ.

"ಲೇ, ಹೋಗೋ," ಅಂದಳು ತಿರುಗದೆ. "ಪಲಮನೇರಿನವನು ಪಾಪ, ಲಾರಿ ನಿಲ್ಲಿಸಿ ಬೇಲಿ ಹತ್ತಿ ಎಲೆ ಕಿತ್ಕೊಂಡ್ ಬರ್ತಿದ್ದ. ಇಲ್ಲದ ಕಲ್ಲಿಗೆ. ಊರೆಲ್ಲಾ ಸೇರಿ ನನಗೆ ವಿಷ ಕುಡಿಸೋ ಹಾಗೆ ಮಾಡಿದೆಯಲ್ಲೋ. ನಾಳೆ ಮಾತಾಡು. ಇವತ್ತು ಹೋಗು."

ಮುಂದಿನ ದಿನಗಳೆಲ್ಲ ಕಿಡ್ನಿಗೆ ಬಿದ್ದ ಪೆಟ್ಟು ಇಳಿಸುವ ಕೆಲಸ. ಪೊಟ್ಯಾಸಿಯಂಗೆ ಮೊದಲು ಕ್ಯಾಲ್ಸಿಯಂ, ಗ್ಲೂಕೋಸಿನ ಜೊತೆ ಇನ್ಸುಲಿನ್, ಕುಡಿಯಲು ಗಂಟಲಿಗೆ ಅಂಟುವ ಒಂದು ಪುಡಿ. ನೀರು ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅಂತ ಅಳತೆ. ಡಯಾಲಿಸಿಸ್ ಮಾಡಬೇಕಾಗಬಹುದು ಅಂತ ಯಂತ್ರದ ನರ್ಸ್‌ಗೂ ಹೇಳಿಟ್ಟಿದ್ದೆ. ಬೇಕಾಗಲಿಲ್ಲ.

ಮೂರನೇ ದಿನ ರೌಂಡ್ಸ್‌ಗೆ ಹೋದಾಗ ತಿಂಡಿಯ ತಟ್ಟೆ ಹಾಗೇ ಇತ್ತು.

"ಯಾಕೆ ತಿಂದಿಲ್ಲ? ಭಯವಾ?"

"ಭಯ ಅಲ್ಲ. ಬಾಯಿ." ನಾಲಿಗೆಯಿಂದ ತುಟಿ ಸವರಿಕೊಂಡಳು. "ತುಕ್ಕು ಹಿಡಿದ ಬಾಂಡ್ಲಿ ನೆಕ್ಕಿದ ಹಾಗಿದೆ. ಇಲ್ಲಿಗೆ ಬರೋ ಮುಂಚೆಯೇ ಶುರುವಾಗಿತ್ತು. ಸಾರಿಗೆ ಉಪ್ಪು ಹೆಚ್ಚಾಗಿದ್ಯಾ ಕಮ್ಮಿ ಆಗಿದ್ಯಾ ಗೊತ್ತೇ ಆಗ್ತಿರಲಿಲ್ಲ. ಇಡ್ಲಿ ಹಾಕೋನನ್ನ ಕರೆದು ರುಚಿ ನೋಡಿಸ್ತಿದ್ದೆ. ಎಂಥಾ ಅವಮಾನ ಗೊತ್ತಾ? ಅವನು ಹೇಳ್ತಾನೆ, ಅಮ್ಮಾ ಹುಳಿ ಜಾಸ್ತಿ ಆಯ್ತು ಅಂತ. ನನಗೇ!"

"ಕಿಡ್ನಿ ಸೋತರೆ ಹಾಗೇ ಆಗುತ್ತೆ. ಕಸ ರಕ್ತದಲ್ಲೇ ಉಳಿಯುತ್ತೆ, ನಾಲಿಗೆಗೆ ಮೊದಲು ಗೊತ್ತಾಗುತ್ತೆ."

"ಹೋಗುತ್ತಾ?"

"ಈ ಸಲ ಹೋಗುತ್ತೆ."

"ಈ ಸಲ" ಅನ್ನುವ ಮಾತು ಅವಳ ಕಿವಿಯಿಂದ ತಪ್ಪಿಸಿಕೊಳ್ಳಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಇನ್ನೊಂದು ಸಲ ಯಾವಾಗ?" ಅಂದಳು.

ಆಗ ಕೂತು, ಇರುವುದೆಲ್ಲಾ ಹೇಳಿದೆ. ಎಕ್ಸ್‌ರೇ ಕವರಿನ ಅವರೆಕಾಳು ತೋರಿಸಿದೆ. ಪೂರ್ತಿ ತೆಗೆದರೆ ಆಪರೇಷನ್ ಸುಲಭ, ಬೇಗ ಹೋಟೆಲಿಗೆ ಹೋಗುತ್ತೀ. ಆದರೆ ಉಳಿಯುವ ಕಿಡ್ನಿಯ ಶಕ್ತಿ ಈಗಿನದಕ್ಕಿಂತ ಇನ್ನೂ ಇಳಿಯುತ್ತೆ. ಬಿಪಿ ಏರಬಹುದು, ಸಕ್ಕರೆ ಅದರ ಮೇಲೆ ಕೆಲಸ ಮಾಡುತ್ತಲೇ ಇರುತ್ತೆ. ಎಂದೋ ಒಂದು ದಿನ ಈ ಬಾಯಿ ವಾಪಸ್ ಬರಬಹುದು, ಆಮೇಲೆ ಯಂತ್ರ. ಬರದೆಯೂ ಇರಬಹುದು. ಗಡ್ಡೆಯಷ್ಟೇ ತೆಗೆದರೆ ದೊಡ್ಡ ಗಾಯ, ರಕ್ತ ಹೋಗುವ ಭಯ, ಸೋರಿಕೆ, ಮತ್ತೆ ಬೆಳೆದಿದೆಯಾ ಅಂತ ವರ್ಷಗಟ್ಟಲೆ ಸ್ಕ್ಯಾನ್. ಆದರೆ ಕಿಡ್ನಿಯ ಹೆಚ್ಚಿನ ಪಾಲು ನಿನ್ನ ಹತ್ತಿರವೇ ಇರುತ್ತೆ.

ಸಂಜೆ ತಮ್ಮ ಬಂದ. ಹೊರಗೆ ಕಾರಿಡಾರಿನಲ್ಲಿ ನನ್ನನ್ನು ಹಿಡಿದ. "ಮೇಡಂ, ಪೂರ್ತಿ ತೆಗೆದ್ಬಿಡಿ. ಮಂಡೀಲಿ ಹಣ್ಣಿಗೆ ಹುಳ ಬಿದ್ರೆ ಹಣ್ಣನ್ನೇ ಎಸೀತೀವಿ. ಕೆಟ್ಟಿದ್ದಷ್ಟು ಕೊಯ್ದು ಮಿಕ್ಕಿದ್ದನ್ನ ಮಾರಲ್ಲ."

"ನೀನು ಮಾರೋನಪ್ಪ, ಎಸೀತೀಯ. ಮನೇಲಿ ಏನು ಮಾಡ್ತೀಯ? ಕೊಯ್ದು ತಿನ್ನಲ್ವಾ?"

ಅವನಿಗೆ ನಗು ಬಂತು, ತಡೆದುಕೊಂಡ. "ನನ್ನ ಹೆಂಡ್ತಿ ಅವಳ ಅಣ್ಣನಿಗೆ ಒಂದು ಕಿಡ್ನಿ ಕೊಟ್ಟಿದಾಳೆ. ಒಂದರಲ್ಲೇ ಇದಾಳೆ, ಕಲ್ಲುಗುಂಡಿನ ಹಾಗೆ. ಅಕ್ಕನಿಗೆ ಯಾಕೆ ಸಾಲಲ್ಲ?"

ಈ ಪ್ರಶ್ನೆ ಸುಲಭದ್ದಲ್ಲ. ಎಷ್ಟೋ ಡಾಕ್ಟರುಗಳೂ ಇದನ್ನೇ ಕೇಳುತ್ತಾರೆ. "ನಿನ್ನ ಹೆಂಡತಿಯದು ತೆಗೆಯೋ ಮುಂಚೆ ಎಷ್ಟು ಟೆಸ್ಟ್ ಮಾಡಿದ್ರು? ಸಕ್ಕರೆ ಇದ್ದಿದ್ರೆ ತಗೊಳ್ತಿದ್ರಾ? ಪ್ರೋಟೀನ್ ಹೋಗ್ತಿದ್ರೆ? ಗಟ್ಟಿಮುಟ್ಟಾಗಿದ್ದವಳನ್ನ ಆರಿಸಿ ತಗೊಂಡ್ರು. ನಿನ್ನ ಅಕ್ಕನನ್ನ ಯಾರೂ ಆರಿಸಲಿಲ್ಲ. ಎರಡು ವಾರ ಎಲೆ ಮಾತ್ರೆ ತಿಂದಿದ್ದಕ್ಕೇ ಅವಳ ಎರಡು ಕಿಡ್ನಿಯೂ ಹೀಗೆ ಮಲಗಿದ್ವು. ಅಲ್ಲಿ ಮಿಗತೆ ಅನ್ನೋದು ಇಲ್ಲ ಅಂತ ಅವೇ ಹೇಳಿದ್ದು."

ಆ ಕೊನೆಯ ಮಾತು ಹೇಳುವಾಗಲೇ ನನಗೂ ವಿಷಯ ಸ್ಪಷ್ಟವಾದದ್ದು. ಯಾವ ಸ್ಕ್ಯಾನೂ ತೋರಿಸದಿದ್ದುದನ್ನು ಆ ಸುಳ್ಳುಕಲ್ಲು ತೋರಿಸಿತ್ತು.

ಕ್ರಿಯಾಟಿನಿನ್ ನಿಧಾನವಾಗಿ ಇಳಿಯಿತು. ಒಂದೂವರೆಗೆ ಬಂದು ನಿಂತಿತು. ಮೊದಲಿದ್ದ ಕಡೆಗೆ ವಾಪಸ್ ಹೋಗಲಿಲ್ಲ. ಶನಿವಾರ ಸರ್ಜನ್ ಎಲ್ಲಾ ಹಾಳೆ ನೋಡಿದರು. ಈ ಸಲ ವಾದಿಸಲಿಲ್ಲ.

"ಉಳಿಸೋಣ," ಅಂದರು. "ಆದ್ರೆ ಲ್ಯಾಪರೋಸ್ಕೋಪ್ ಬೇಡ. ಓಪನ್ ಮಾಡ್ತೀನಿ. ಕಿಡ್ನಿ ಸುತ್ತ ಐಸ್ ಹಾಕ್ಬಹುದು, ನನಗೆ ಟೈಮ್ ಸಿಗುತ್ತೆ. ಬೆಂಗಳೂರಿಗೆ ಬಂದ್ರೆ ರೋಬೋಟಲ್ಲೂ ಆಗುತ್ತೆ."

ಹೋಟೆಲಮ್ಮ ರೋಬೋಟನ್ನು ಕೇಳಿ ಕಣ್ಣರಳಿಸಿದಳು. "ಅದು ಬೇಡ ಸಾರ್. ಕೈ ಇರೋರೇ ಮಾಡಿ. ಹಾಂ, ಒಂದು ಮಾತು. ಒಳಗೆ ಹೋಗಿ ನೋಡಿದ್ಮೇಲೆ ಆಗಲ್ಲ ಅನ್ನಿಸಿದ್ರೆ ಪೂರ್ತಿ ತೆಗೀರಿ. ಆಮೇಲೆ ನಾನು ಜಗಳ ಆಡಲ್ಲ. ಆದ್ರೆ ಮೊದಲು ಕೈ ಹಚ್ಚಿ ನೋಡ್ಬೇಕು. ನೋಡದೇ ತೆಗೆದ್ರಿ ಅಂತ ಗೊತ್ತಾದ್ರೆ ಹೈವೇಲಿ ನಿಮ್ಮ ಕಾರು ನಿಲ್ಲಿಸ್ತೀನಿ."

"ಪಕ್ಕಾ ಅಮ್ಮ," ಅಂದರು ಆ ಕಮ್ಮಿಮಾತಿನವರು.

ಆಪರೇಷನ್ನಿನ ಹಿಂದಿನ ದಿನ ಥಿಯೇಟರ್ ಸಿಸ್ಟರ್ ಸಲೈನ್ ಬಾಟಲಿಗಳನ್ನು ಫ್ರೀಜರಿನಲ್ಲಿಟ್ಟರು. ಬೆಳಿಗ್ಗೆ ಅವುಗಳನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ, ಮೂಳೆ ಆಪರೇಷನ್ನಿನ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದರು. ನಮ್ಮಂಥ ಚಿಕ್ಕ ಆಸ್ಪತ್ರೆಯಲ್ಲಿ ಹಾಗೇ. ನಾನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅರಿವಳಿಕೆ ಡಾಕ್ಟರ ಪಕ್ಕ ನಿಂತೆ. ನನಗೆ ಅಲ್ಲಿ ಕೆಲಸವಿರಲಿಲ್ಲ, ಕಾಲು ನೋಯುತ್ತಿತ್ತು, ಆದರೂ ನಿಂತೆ.

ಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದು ಕಿಡ್ನಿಯನ್ನು ಸುತ್ತಲಿನಿಂದ ಬಿಡಿಸಿದರು. ರಕ್ತನಾಳಕ್ಕೆ ಚಿಕ್ಕ ಕ್ಲ್ಯಾಂಪ್ ಬಿತ್ತು. ಕೆಂಪಗಿದ್ದ ಕಿಡ್ನಿ ನೋಡನೋಡುತ್ತ ಕಂದಿತು. ಐಸ್ ಸುತ್ತಿದರು. ಗಡ್ಡೆಯ ಸುತ್ತ ಸ್ವಲ್ಪ ಒಳ್ಳೆಯ ಭಾಗ ಸೇರಿಸಿ ಕೊಯ್ದರು. ಒಳಗಿದ್ದ ಅರ್ಧ ನಾವು ಅಂದುಕೊಂಡಿದ್ದಕ್ಕಿಂತ ಆಳಕ್ಕೆ ಹೋಗಿತ್ತು. ಮೂತ್ರ ಸೇರುವ ಕೊಳವೆಯ ಬಾಯಿ ತೆರೆದುಕೊಂಡಿತು. ಅದನ್ನು ಹೊಲಿದು, ಮೇಲೆ ಇನ್ನೊಂದು ಪದರ ಹೊಲಿದು, ಕ್ಲ್ಯಾಂಪ್ ಬಿಟ್ಟರು.

ರಕ್ತ ಚಿಮ್ಮಲಿಲ್ಲ, ತುಂಬಿಕೊಂಡಿತು. ಬಾವಿಯಲ್ಲಿ ಒರತೆ ಬರುವ ಹಾಗೆ. ಸಕ್ಷನ್ ಹಾಕಿದರು, ಮತ್ತೆ ತುಂಬಿತು. ಅರಿವಳಿಕೆಯವರು ರಕ್ತದ ಬಾಟಲಿ ನೇತುಹಾಕಿ, "ಬಿಪಿ ಇಳೀತಿದೆ, ತಡೀಬಲ್ಲೆ, ತುಂಬಾ ಹೊತ್ತು ಅಲ್ಲ," ಅಂದರು. ಸರ್ಜನ್ ಬಟ್ಟೆ ಒತ್ತಿ ಹಿಡಿದು ನಿಂತರು. ಅವರ ಇನ್ನೊಂದು ಕೈ ದೊಡ್ಡ ಕ್ಲ್ಯಾಂಪಿನ ಹತ್ತಿರವಿತ್ತು. ಅದನ್ನು ಹಾಕಿದರೆ ಮುಗಿಯಿತು: ಕಿಡ್ನಿ ಪೂರ್ತಿ ಹೊರಗೆ, ಪೇಷೆಂಟ್ ಸೇಫ್. ಹೋಟೆಲಮ್ಮನೇ ಒಪ್ಪಿಗೆ ಕೊಟ್ಟಿದ್ದಳು. ಅವರು ಒಮ್ಮೆ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಬಿಪಿಯ ಮಾನಿಟರ್ ಕಡೆ ತಿರುಗಿದೆ. ಹೇಳುವ ಹಕ್ಕು ನನಗಿರಲಿಲ್ಲ. ಸೂಜಿ ಹಿಡಿದ ಕೈ ನನ್ನದಲ್ಲ. ಉಳಿಸಿ ಅಂದು ಅವಳು ಸತ್ತಿದ್ದರೆ, ತೆಗೀರಿ ಅಂದು ಅವಳು ಯಂತ್ರಕ್ಕೆ ಬಂದಿದ್ದರೆ... ಅಂಥ ಲೆಕ್ಕಗಳು ಆ ಹೊತ್ತಿನಲ್ಲಿ ಬರುವುದಿಲ್ಲ. ಐಸ್ ಕರಗಿ ನೆಲಕ್ಕೆ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು.

"ಇನ್ನೊಂದು ಹೊಲಿಗೆ, ಸಿಸ್ಟರ್," ಅಂದರು. "ಆಳದಿಂದ. ದೊಡ್ಡ ಸೂಜಿ ಕೊಡಿ."

ಒಂದಲ್ಲ, ಇನ್ನೂ ಕೆಲವು ಹಾಕಿದರು. ಬಟ್ಟೆ ತೆಗೆದಾಗ ಒರತೆ ನಿಂತಿತ್ತು. ಕಂದಿದ್ದ ಕಿಡ್ನಿಗೆ ಬಣ್ಣ ಬರುತ್ತಿತ್ತು, ಒಂದು ಕಡೆಯಿಂದ ಇನ್ನೊಂದು ಕಡೆಗೆ.

ಅಷ್ಟಕ್ಕೆ ಮುಗಿಯಲಿಲ್ಲ. ಪಕ್ಕೆಗೆ ಹಾಕಿದ್ದ ಟ್ಯೂಬಿನಲ್ಲಿ ದಿನಾ ತಿಳಿಯಾದ ನೀರು ಬರತೊಡಗಿತು. ಅದರ ಕ್ರಿಯಾಟಿನಿನ್ ನೋಡಿಸಿದೆವು. ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಂದರೆ ಅದು ಮೂತ್ರ, ಹೊಲಿಗೆಯಿಂದ ಸೋರುತ್ತಿದೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಒಳಗೊಂದು ಸ್ಟೆಂಟ್ ಇಟ್ಟರು. ಸೋರಿಕೆ ತಾನಾಗಿ ನಿಲ್ಲುವವರೆಗೆ ಕಾಯಬೇಕು. ಹೋಟೆಲಮ್ಮ ಪಕ್ಕೆಯಲ್ಲಿ ಬ್ಯಾಗ್ ಸಿಕ್ಕಿಸಿಕೊಂಡೇ ಮನೆಗೆ ಹೋದಳು. ಪೂರ್ತಿ ತೆಗೆಸಿದ್ದರೆ ಅಷ್ಟರಲ್ಲಿ ಅವಳು ದೋಸೆಕಾವಲಿ ಮುಂದೆ ನಿಂತಿರುತ್ತಿದ್ದಳು ಅಂತ ತಮ್ಮ ಒಂದು ಸಲವೂ ಅನ್ನಲಿಲ್ಲ. ಅನ್ನಬಹುದಿತ್ತು. ಡ್ರೆಸಿಂಗಿಗೆ ಅವನೇ ಕರೆದುಕೊಂಡು ಬರುತ್ತಿದ್ದ. ಅವಳು ಅವನ ಜೊತೆ ಕೆಲಸದ ಮಾತು ಮಾತ್ರ ಆಡುತ್ತಿದ್ದಳು: ಬ್ಯಾಗ್ ಹಿಡಿ, ಬಾಗಿಲು ತೆಗಿ, ನಿಧಾನಕ್ಕೆ ಓಡಿಸು. ಒಂದು ದಿನ, "ಊಟ ಆಯ್ತೇನೋ?" ಅಂದಳು. ಅವನು ನನ್ನೆದುರೇ ಅತ್ತುಬಿಟ್ಟ. ನಾನು ಪ್ರಿಸ್ಕ್ರಿಪ್ಷನ್ ಬರೆಯುತ್ತ ಕೂತೆ.

ಸೋರಿಕೆ ನಿಂತಿತು. ಗಡ್ಡೆ ಕ್ಯಾನ್ಸರೇ ಅಂತ ಬಯಾಪ್ಸಿ ಬಂತು, ಅಂಚು ಪೂರ್ತಿ ಶುದ್ಧವಾಗಿದೆ ಅಂತಲೂ ಬಂತು. ಕ್ರಿಯಾಟಿನಿನ್ ಒಂದು ಪಾಯಿಂಟ್ ಆರಕ್ಕೆ ನಿಂತಿದೆ. ಬಿಪಿಗೆ ಹೊಸದೊಂದು ಮಾತ್ರೆ ಸೇರಿದೆ, ನೋವಿನ ಮಾತ್ರೆ ಮುಟ್ಟುವ ಹಾಗಿಲ್ಲ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ನಾವು ಸರಿಯಾದದ್ದನ್ನೇ ಆರಿಸಿದೆವಾ ಅಂದರೆ ನನಗೆ ಗೊತ್ತಿಲ್ಲ. ಇನ್ನೊಂದು ದಾರಿಯಲ್ಲಿ ಹೋದ ಹೋಟೆಲಮ್ಮ ಎಲ್ಲೂ ಇಲ್ಲ, ಹೋಲಿಸಿ ನೋಡೋಣ ಅಂದರೆ.

ಮೊನ್ನೆ ಒಂದು ವರ್ಷದ ಸ್ಕ್ಯಾನಿಗೆ ಬಂದಿದ್ದಳು. ಕ್ಲೀನ್. ರಿಪೋರ್ಟ್ ಮಡಚಿ ಬ್ಯಾಗಿಗೆ ಹಾಕಿಕೊಂಡವಳು ಏಳಲಿಲ್ಲ.

"ಡಾಕ್ಟ್ರಮ್ಮ, ಆ ಯಂತ್ರದ ರೂಮು ಒಂದ್ಸಲ ನೋಡ್ಬಹುದಾ?"

"ಯಾಕೆ?"

"ಸುಮ್ನೆ. ಇಷ್ಟೆಲ್ಲಾ ಮಾಡಿದ್ದು ಯಾವುದಕ್ಕೆ ಹೆದರಿ ಅಂತ ನೋಡ್ಬೇಡ್ವಾ?"

ಕರೆದುಕೊಂಡು ಹೋದೆ. ಮಧ್ಯಾಹ್ನದ ಹೊತ್ತು, ಎಲ್ಲಾ ಮಂಚವೂ ತುಂಬಿತ್ತು. ಯಂತ್ರಗಳು ಮೆತ್ತಗೆ ಗುಯ್‌ಗುಡುತ್ತಿದ್ದವು. ಅವಳು ಬಾಗಿಲಲ್ಲೇ ನಿಂತು ಟ್ಯೂಬುಗಳಲ್ಲಿ ಹರಿಯುವ ರಕ್ತ ನೋಡಿದಳು. ಆಮೇಲೆ ಮಾಲೂರಿನಿಂದ ಬರುವ ಒಬ್ಬ ಹೆಂಗಸಿನ ಮಂಚದ ಹತ್ತಿರ ಹೋಗಿ, ಪರಿಚಯವಿದ್ದವಳ ಹಾಗೆ, "ಊಟಕ್ಕೇನು ಮಾಡ್ತೀರಮ್ಮಾ?" ಅಂದಳು.

"ಏನು ಊಟ ಬಿಡಿ. ತರಕಾರಿ ಬೇಯಿಸಿ ನೀರು ಚೆಲ್ಲಿ ತಿನ್ನಬೇಕು. ಉಪ್ಪು ಬೇಡ, ಬೇಳೆ ಅಳತೆ ಮೇಲೆ. ಹುಲ್ಲು ತಿಂದ ಹಾಗೆ."

"ಚೆಲ್ಲಿದ್ಮೇಲೆ ಒಗ್ಗರಣೆ ಹಾಕ್ತೀರಾ?"

"ಸಾಸಿವೆ ಅಷ್ಟೇ."

"ಅದು ಸಾಲಲ್ಲ. ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ ಕರಿದು, ಇಳಿಸೋ ಮುಂಚೆ ಚೂರು ನಿಂಬೆ ಹಿಂಡಿ ನೋಡಿ. ನಿಂಬೆ ಹಾಕ್ಬಹುದಾ ಡಾಕ್ಟ್ರಮ್ಮ?"

"ಚೂರು ಅಂದ್ರೆ ಚೂರು."

"ಹಾಂ, ಚೂರು. ಉಪ್ಪಿಲ್ಲ ಅಂತ ನಾಲಿಗೆ ಮರೀಬೇಕು ಅಷ್ಟೇ."

ಹೊರಗೆ ಬಂದ ಮೇಲೆ ಅವಳು ಸೆರಗು ಸರಿಮಾಡಿಕೊಂಡಳು. "ನಾನೇನಾದ್ರೂ ಬರೋ ಹಾಗಾದ್ರೆ ಆ ಕಿಟಕಿ ಪಕ್ಕದ ಮಂಚ ಕೊಡ್ಸಿ. ರಸ್ತೆ ಕಾಣುತ್ತೆ."

"ನೀನು ಬರೋ ಹೊತ್ತಿಗೆ ನಾನಿರಲ್ಲ ಕಣಮ್ಮ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು, ಅಡಿಗೆಗೆ ಸೊಪ್ಪು ಆರಿಸುವವಳ ಹಾಗೆ.

"ನೀವು ಇನ್ನೂ ತುಂಬಾ ದಿನ ಇರ್ತೀರ," ಅಂದಳು. "ನಾನು ಅದಕ್ಕಿಂತ ಲೇಟಾಗಿ ಬರ್ತೀನಿ ಬಿಡಿ."